ದೇವಿಗೆ ಬಿಟ್ಟವಳಲ್ಲ

"ಹಾಗಾದರೆ ನೀನು ಯಾರು?"

ಈ ಮಂಗಳವಾರ ಹುಲಿಗೆಮ್ಮ ದೇವಿಯ ಗುಡಿಯಿರುವ ಹುಲಿಗಿಯಿಂದ ಕೊಪ್ಪಳಕ್ಕೆ ಬರುವ ಬಸ್ಸಿನಲ್ಲಿ ಅಜ್ಜಿಯೊಬ್ಬಳು ಕೇಳಿದ ಮಾತಿದು. ವಾರ ಮುಗಿಯುತ್ತಾ ಬಂದರೂ ಕಿವಿಯಿಂದ ಹೋಗುತ್ತಿಲ್ಲ.

ಮಂಗಳವಾರದ ಹುಲಿಗಿ ಬಸ್ಸಿನ ಗದ್ದಲವನ್ನು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ನನ್ನ ಮುಂದಿನ ಸೀಟಿನಲ್ಲಿ ಹಣೆ ತುಂಬಾ ಭಂಡಾರ ಬಳಿದುಕೊಂಡ ಅಜ್ಜಿ, ಪಕ್ಕದಲ್ಲಿ ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡ ಹುಡುಗಿ. ಕಂಡಕ್ಟರ್ ಅವಳ ಆಧಾರ್ ಕಾರ್ಡ್ ನೋಡಿದ, ಮುಖ ನೋಡಿದ, ಮರುಮಾತಿಲ್ಲದೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಹರಿದುಕೊಟ್ಟ. ಕಾರ್ಡಿನಲ್ಲಿ ಹಳೆಯ ಹೆಸರೇ ಇತ್ತೆಂದು ಆಮೇಲೆ ತಿಳಿಯಿತು. ಆ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ ಎಂಬುದು ನೆನಪಿದ್ದ ಆ ಮನುಷ್ಯನ ಮೇಲೆ ನನಗೆ ಗೌರವ ಮೂಡಿತು.

ಕಂಡಕ್ಟರ್‌ಗೆ ಅವಳು ಕೊಟ್ಟ ಉತ್ತರದ ದನಿ ಕೇಳಿ ಅಜ್ಜಿ ತಿರುಗಿದಳು. ಸೆರಗಿನ ಗಂಟು ಬಿಚ್ಚಿ, ಭಂಡಾರ ಮೆತ್ತಿದ ಐದು ರೂಪಾಯಿಯ ನಾಣ್ಯವನ್ನು ಹುಡುಗಿಯ ಅಂಗೈಯಲ್ಲಿಟ್ಟು, "ಮೊಮ್ಮಗನಿಗೆ ಹುಷಾರಿಲ್ಲ, ಮುಟ್ಟಿ ಕೊಡು ತಾಯಿ" ಎಂದು ತಲೆಬಾಗಿದಳು.

"ಅಜ್ಜಿ, ನಾನು ಜೋಗತಿಯಲ್ಲ. ದೇವಿಗೆ ಬಿಟ್ಟು ನನಗೆ ಮುತ್ತು ಕಟ್ಟಿಲ್ಲ. ಬಿ.ಕಾಂ. ಓದುತ್ತಿದ್ದೇನೆ."

"ಹಾಗಾದರೆ ನೀನು ಯಾರು?"

ಅಜ್ಜಿಯ ದನಿಯಲ್ಲಿ ಎಳ್ಳಷ್ಟೂ ಕುಹಕವಿರಲಿಲ್ಲ. ಗಂಡಾಗಿ ಹುಟ್ಟಿ ಹೆಣ್ಣಾದವರು ಎಂದರೆ ಹುಲಿಗೆಮ್ಮನವರು ಎಂದಷ್ಟೇ ಅವಳು ಬಲ್ಲಳು. ಚೌಡಿಕೆ ವಾದ್ಯ, ಪಡಲಗಿ ಬುಟ್ಟಿ, ತಲೆಯ ಮೇಲೆ ದೇವಿಯ ಕೊಡ, ಇಷ್ಟಿದ್ದರೆ ಅವಳ ಲೋಕದಲ್ಲಿ ಜಾಗ ಉಂಟು. ಫೈಲು ಹಿಡಿದು ಕಾಲೇಜಿಗೆ ಹೋಗುವವಳನ್ನು ಎಲ್ಲಿ ಕೂರಿಸಬೇಕೆಂದು ಅವಳಿಗೆ ತೋಚಲಿಲ್ಲ. ಸಿಟ್ಟು ಬಂದದ್ದು ನನ್ನ ಪಕ್ಕದ ಇಸ್ತ್ರಿ ಅಂಗಿಯವರ ಮೇಲೆ. "ಹಿಂದಿನ ಜೋಗಪ್ಪಂದಿರೇ ಬೇರೆ. ಇದೆಲ್ಲ ಮೊಬೈಲ್ ನೋಡಿ ಕಲಿತ ಚಟ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. "ಅವರು ಕೊಡ ಹೊತ್ತರೆ ಕೈ ಮುಗಿಯುತ್ತೀರಿ, ಇವಳು ಪುಸ್ತಕ ಹಿಡಿದರೆ ಚಟವೇ?" ಎಂದೆ. ಕಿಟಕಿಯ ಕಡೆ ತಿರುಗಿಕೊಂಡರು. ಓದಿಯೂ ಹೀಗೆ ಮಾತಾಡುವವರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. ನಮ್ಮ ಸೀಮೆಯೇ ಹಿಗ್ಗಿತು, ನಾನೂ ಹಿಗ್ಗಿದೆ. ಆದರೆ ಅದಕ್ಕೂ ಮೊದಲು ಮನೆಯಿಂದ ಹೊರಬಿದ್ದು ಭಿಕ್ಷೆ ಬೇಡಿದ ದಿನಗಳನ್ನು ಅವರೇ ಹೇಳಿಕೊಂಡಿದ್ದಾರೆ. ದೇವಿ ಕೊಟ್ಟ ಜಾಗವೂ ಪುಕ್ಕಟೆಯದಲ್ಲ. ಕೈ ಮುಗಿದವರೇ ಬಾಡಿಗೆಗೆ ಮನೆ ಕೊಡುವುದಿಲ್ಲ.

ಇನ್ನು ಆ ಜಾಗವೂ ಇಲ್ಲದವರು? ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕಬೇಕೆನ್ನುವವನಿಗೆ ನಮ್ಮ ಯಾವ ಜಾತ್ರೆಯಲ್ಲಿ ನೆಲೆ ಇದೆ? ಗಂಡನ್ನೇ ಪ್ರೀತಿಸುವ ಗಂಡಿಗೆ, ಹೆಣ್ಣನ್ನೇ ಪ್ರೀತಿಸುವ ಹೆಣ್ಣಿಗೆ? ಬೆಂಗಳೂರಿನ ಮೆರವಣಿಗೆಯಲ್ಲಿ ಇವರೆಲ್ಲರೂ ಒಂದೇ ಕಾಮನಬಿಲ್ಲಿನ ಬಾವುಟ ಹಿಡಿಯುತ್ತಾರೆ. ಕೊಪ್ಪಳದಲ್ಲಿ ಒಬ್ಬಳಿಗೆ ಕೈ ಮುಗಿಯುತ್ತಾರೆ, ಉಳಿದವರು ಇದ್ದಾರೆಂಬುದೇ ಊರಿಗೆ ಗೊತ್ತಿಲ್ಲ. ಕಾನೂನಿನಲ್ಲಿಯೂ ಎಲ್ಲರಿಗೂ ಒಂದೇ ಅಳತೆಯಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಪ್ರೇಮ ಅಪರಾಧವಲ್ಲ ಎಂದಿತು. 2023ರಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಅದೇ ತೀರ್ಪಿನಲ್ಲಿ, ಟ್ರಾನ್ಸ್‌ಜೆಂಡರ್ ಹೆಣ್ಣು ಗಂಡನ್ನು, ಟ್ರಾನ್ಸ್‌ಜೆಂಡರ್ ಗಂಡು ಹೆಣ್ಣನ್ನು ಈಗಿರುವ ಕಾನೂನಿನಡಿಯೇ ಮದುವೆಯಾಗಬಹುದು ಎಂದಿತು.

ನಾಣ್ಯದ ಮಾತು ಬಿಟ್ಟೆ. ಹುಡುಗಿ ಅದನ್ನು ಹಿಂದಿರುಗಿಸಿ, "ಮಗುವನ್ನು ಮೊದಲು ಆಸ್ಪತ್ರೆಗೆ ತೋರಿಸಿ ಅಜ್ಜಿ" ಎಂದಳು. ಅಜ್ಜಿ ತಲೆಯಾಡಿಸಿದಳು. ಆದರೂ ಆ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಬೇರೆಯೇ ಗಂಟು ಕಟ್ಟಿದಳು.

ಕೊಪ್ಪಳದಲ್ಲಿ ಇಳಿದ ಮೇಲೆ ಫೈಲಿನ ವಿಷಯ ಕೇಳಿದೆ. ಟ್ರಾನ್ಸ್‌ಜೆಂಡರ್ ಗುರುತಿನ ಪತ್ರದ ಅರ್ಜಿಗೆ ನೋಟರಿಯಿಂದ ಅಫಿಡವಿಟ್ ಮಾಡಿಸಲು ಬಂದಿದ್ದಳು. ಯಾರೋ ಡಾಕ್ಟರ ಪತ್ರವೂ ಬೇಕು ಎಂದು ಹೆದರಿಸಿದ್ದರಂತೆ. ಮೊದಲ ಗುರುತಿನ ಪತ್ರಕ್ಕೆ ವೈದ್ಯಕೀಯ ತಪಾಸಣೆ ಬೇಕಿಲ್ಲವೆಂದು 2020ರ ನಿಯಮಗಳಲ್ಲಿ ಇತ್ತು. ಅದರ ಪ್ರತಿಯನ್ನೂ ಫೈಲಿನಲ್ಲಿ ಇಟ್ಟುಕೊಂಡಿದ್ದಳು. ನೋಟರಿಯ ಹತ್ತಿರ ಇನ್ನೊಂದು ಅಫಿಡವಿಟ್ಟಿನ ನಮೂನೆಯನ್ನೂ ಕೇಳಬೇಕು ಎಂದಳು. ಅದು ರಾಯಚೂರಿನ ಅವಳ ಗೆಳೆಯನಿಗೆ. ಅವನು ಹುಟ್ಟಿದ್ದು ಹೆಣ್ಣಾಗಿ. ಮನೆಯವರು ಗಂಡು ಹುಡುಕುತ್ತಿದ್ದಾರಂತೆ, ಅದಕ್ಕೇ ಅವಸರ.