ಕಿರುಬೆರಳಷ್ಟು ಸಂದು

ಇವತ್ತು ನನ್ನ ಎಲೆಕ್ಟ್ರಿಕ್ ಕಾರಿಗೆ ಹೊಸ ಫ್ರಂಟ್ ಲಿಪ್ (ಮುಂದಿನ ಬಂಪರಿನ ಕೆಳಗೆ ಬರುವ ಪ್ಲಾಸ್ಟಿಕ್ ಪಟ್ಟಿ) ಕೂರಿಸಲು ಹೋದೆ. ಎಡಗಡೆ ಬಂಪರಿಗೆ ಅಂಟಿಕೊಂಡಂತೆ ಕೂತಿತು. ಬಲಗಡೆ ಮಾತ್ರ ಕಿರುಬೆರಳು ತೂರುವಷ್ಟು ಸಂದು. ಸ್ಕ್ರೂ ಬಿಗಿ ಮಾಡಿದ್ದರೆ ಮುಚ್ಚುತ್ತಿತ್ತೇನೋ. ಆದರೆ ಹಾಗೆ ಎಳೆದು ಕೂರಿಸಿದ ಪ್ಲಾಸ್ಟಿಕ್ ಬಿಸಿಲಿಗೆ ಸೊಟ್ಟಗಾಗುತ್ತದೆ. ಬಿಚ್ಚಿಟ್ಟೆ.

ನಮ್ಮ ಕಣ್ಣಿಗೆ ಅದು ಚಿಕ್ಕ ಸಂದು. ಗಾಳಿಗೆ ಹಾಗಲ್ಲ. ವೇಗ 50ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಹೆದ್ದಾರಿಯಲ್ಲಿ ಬ್ಯಾಟರಿ ಜಾಸ್ತಿ ಖರ್ಚಾಗುವುದೇ ಅದಕ್ಕೆ. ಎಲೆಕ್ಟ್ರಿಕ್ ಕಾರಿನ ತಳವನ್ನು ಸುಮ್ನೆ ಸಪಾಟು ಮಾಡಿರುವುದಿಲ್ಲ. ವಿಂಡ್ ಟನೆಲ್‌ನಲ್ಲಿ (ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ಇಟ್ಟು ತಿದ್ದಿದ ಆಕಾರ ಅದು. ಅದಕ್ಕೆ ಇನ್ನೊಂದು ತುಂಡು ಸೇರಿಸುವಾಗ ಹೊಳಪಿಗಿಂತ ಮೊದಲು ಅಂಚು ನೋಡಬೇಕು ಅಲ್ವಾ?

ನಾಳೆ ವಾಪಸ್ ಕಳಿಸುತ್ತೇನೆ.