ಗಾರ್ಡೇನಿಯಾ ಹಳದಿಯಾದರೆ ಮೊದಲು ಕೇಳಬೇಕಾದ ಪ್ರಶ್ನೆ

ಬೆಂಗಳೂರಿನ ಒಂದು ನರ್ಸರಿಯಲ್ಲಿ ನನ್ನ ಕೆಲಸ. ಗಿಡ ಕೊಂಡವರು ಆಮೇಲೆ ಮಾಡುವ ಫೋನಿಗೆ ಉತ್ತರ ಕೊಡುವುದೂ ನನ್ನದೇ. ಮನೆಯೊಳಗೆ ಇಟ್ಟ ಗಾರ್ಡೇನಿಯಾ ಬಗ್ಗೆ ಬರುವ ಫೋನ್ ಜಾಸ್ತಿ. ಗಂಧರಾಜ ಅಂತ ಕೇಳಿ ಒಯ್ದವರೂ ಇದ್ದಾರೆ. ಎಲ್ಲರದೂ ಒಂದೇ ಮಾತು: "ಸಾರ್, ಎಲೆ ಹಳದಿ ಆಗ್ತಿದೆ, ಏನ್ ಗೊಬ್ಬರ ಹಾಕ್ಲಿ?"

ಗೊಬ್ಬರದ ಹೆಸರು ಹೇಳುವ ಮೊದಲು ಕೇಳಬೇಕು: ಯಾವ ಎಲೆ? ಹಳೇದೋ, ಚಿಗುರೋ?

ಕೆಳಗಿನ ಹಳೆ ಎಲೆ ಒಂದೆರಡು ಹಣ್ಣಾಗಿ ಉದುರಿದರೆ ಗಾಬರಿ ಬೇಡ. ತುಂಬಾ ಉದುರುತ್ತಿದ್ದರೆ ತಟ್ಟೆಯಲ್ಲಿ ನೀರು ನಿಂತಿದೆಯಾ ನೋಡಿ. ಆದರೆ ತುದಿಯ ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ, ಬಲೆ ಹರಡಿದ ಹಾಗೆ ಕಂಡರೆ ಅದು ಕಬ್ಬಿಣದ ಕೊರತೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಬೇರಿಗೆ ಸಿಗುತ್ತಿಲ್ಲ, ಅಷ್ಟೇ. ಚೀನಾ, ಜಪಾನ್ ಕಡೆಯ ಈ ಗಿಡಕ್ಕೆ ಹುಳಿ ಮಣ್ಣು ಬೇಕು, ಪಿಎಚ್ (ಹುಳಿ ಅಳೆಯುವ ಅಂಕಿ, ಅದು ಏರಿದಷ್ಟೂ ಹುಳಿ ಕಡಿಮೆ) 5ರಿಂದ 6ರ ಆಸುಪಾಸು. ಅದಕ್ಕಿಂತ ತುಂಬಾ ಮೇಲೆ ಹೋದರೆ ಕಬ್ಬಿಣ ಮಣ್ಣಿನಲ್ಲೇ ಉಳಿಯುತ್ತದೆ.

ಆಗ ಎರಡನೇ ಪ್ರಶ್ನೆ: ಯಾವ ನೀರು ಹಾಕ್ತೀರಾ? ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಕರೆ ಕಟ್ಟುತ್ತಲ್ಲ, ಆ ಸುಣ್ಣ ಕುಂಡದಲ್ಲೂ ಸೇರುತ್ತಾ ಹೋಗಿ ಪಿಎಚ್ ಏರಿಸುತ್ತದೆ. ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರಂತೂ ಇನ್ನೂ ಕಷ್ಟ, ಅದರಲ್ಲಿ ಉಪ್ಪಿನಂಶ ಮತ್ತಷ್ಟು ಗಟ್ಟಿಯಾಗಿರುತ್ತದೆ. ನೀರು ದಂಡವಾಗಬಾರದು ಅಂತ ಒಳ್ಳೆ ಮನಸ್ಸಿನಿಂದಲೇ ಹಾಕಿರುತ್ತಾರೆ. ಮೊಟ್ಟೆ ಸಿಪ್ಪೆ ಪುಡಿ, ಒಲೆ ಬೂದಿ ಕೂಡ ಹಾಗೇ. ಬೇರೆ ಗಿಡಕ್ಕೆ ಸರಿ, ಇದಕ್ಕೆ ಬೇಡ, ಎರಡೂ ಪಿಎಚ್ ಏರಿಸುತ್ತವೆ.

ಮಳೆನೀರು ಹಿಡಿದಿಟ್ಟು ಹಾಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಜೊತೆಗೆ ಕಬ್ಬಿಣದ ಚಿಲೇಟ್, ಅಂದರೆ ಬೇರಿಗೆ ಸಿಗುವ ರೂಪದಲ್ಲಿ ಕಬ್ಬಿಣವನ್ನು ಹಿಡಿದಿಡುವ ಗೊಬ್ಬರ, ಕೊಡಬೇಕು. ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣ ಓದಿ: ಗಡಸು ನೀರಿನ ಮನೆಗೆ ಇಡಿಡಿಎಚ್‌ಎ ಅಂತ ಬರೆದಿರುವುದು ಕೆಲಸ ಮಾಡುತ್ತದೆ, ಇಡಿಟಿಎ ಇರುವುದು ಪಿಎಚ್ ಏರಿದ ಮಣ್ಣಿನಲ್ಲಿ ಬೇಗ ಸೋಲುತ್ತದೆ. ಇಡಿಡಿಎಚ್‌ಎಗೆ ಬೆಲೆ ಜಾಸ್ತಿ, ಆದರೂ ನಾನು ಅದನ್ನೇ ಹೇಳುತ್ತೇನೆ. ಗುಣವಾಗಿದೆಯಾ ಅಂತ ಮುಂದೆ ಬರುವ ಚಿಗುರಿನಲ್ಲಿ ನೋಡಿ.

ಮೊಗ್ಗು ಉದುರುವ ಕಥೆ ಬೇರೆ. ಅಲ್ಲಿ ಕೇಳಬೇಕಾದ್ದು ಜಾಗದ ಬಗ್ಗೆ. ಎಸಿ ಗಾಳಿ ನೇರ ಬಡಿಯುತ್ತಾ? ನೆಂಟರು ಬಂದರು ಅಂತ ಮೊಗ್ಗಿರುವ ಕುಂಡವನ್ನು ಕಿಟಕಿಯಿಂದ ಹಾಲ್‌ಗೆ ತಂದಿಟ್ಟಿರಾ? ಪೂರ್ವದ ಕಿಟಕಿ, ಬೆಳಗಿನ ಬಿಸಿಲು, ಅಲ್ಲೇ ಬಿಡಬೇಕು. ಮೊಗ್ಗು ಕಟ್ಟಲು ರಾತ್ರಿ 15ರಿಂದ 18 ಡಿಗ್ರಿ ತಂಪು ಹಿತ. ಬೆಂಗಳೂರಿನ ಚಳಿಗಾಲ ಅದನ್ನು ಪುಕ್ಕಟೆ ಕೊಡುತ್ತದೆ, ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು. ಎಲೆ ಸಂದಿಯಲ್ಲಿ ಹಿಟ್ಟು ತಿಗಣೆ (ಬಿಳಿ ಹತ್ತಿಯಂತೆ ಕಾಣುವ ರಸ ಹೀರುವ ಕೀಟ) ಕಂಡರೆ ಒದ್ದೆ ಹತ್ತಿಯಲ್ಲಿ ಒರೆಸಿ ತೆಗೆಯಿರಿ.

ಈಗ ನಮ್ಮಲ್ಲಿ ಫೋನ್ ತೆಗೆಯುವ ಹುಡುಗರಿಗೂ ಇದೇ ಕ್ರಮ ಹೇಳಿಕೊಟ್ಟಿದ್ದೇನೆ: ಯಾವ ಎಲೆ, ಯಾವ ನೀರು, ಯಾವ ಜಾಗ. ಆಮೇಲೆ ವಾಟ್ಸಾಪ್‌ನಲ್ಲಿ ಫೋಟೊ. ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು ಬೇಡ, ಹಗಲು ಬೆಳಕಿನಲ್ಲಿ, ಒಂದು ಹೊಸ ಎಲೆ ಒಂದು ಹಳೆ ಎಲೆ ಪಕ್ಕಪಕ್ಕ ಇಟ್ಟು ತೆಗೆದು ಕಳಿಸಿ.