ಅಂಗಡಿ ನಡೆಸುವವರಿಗೆ ನಗರಸಭೆಯಲ್ಲೇನು ಕೆಲಸ?

"ಗಲ್ಲಾ ಬಿಟ್ಟು ನಗರಸಭೆಗೆ ಯಾಕೆ ಓಡಾಡುತ್ತೀರಿ?" ಶಿರಸಿಯಲ್ಲಿ ನೋಟ್‌ಬುಕ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನ್ನನ್ನು ಅಕ್ಕಪಕ್ಕದ ವ್ಯಾಪಾರಿಗಳು ಮತ್ತೆ ಮತ್ತೆ ಕೇಳುತ್ತಾರೆ. ನಮ್ಮ ವ್ಯಾಪಾರಕ್ಕೆ ಸಂಬಂಧಿಸಿದ ಎಷ್ಟೋ ತೀರ್ಮಾನಗಳು ಅಲ್ಲೇ ಆಗುತ್ತವೆ, ಅದಕ್ಕೇ ಹೋಗುತ್ತೇನೆ. ಉದ್ದಿಮೆ ಪರವಾನಗಿಯ ಶುಲ್ಕ, ಮಳಿಗೆಗಳ ಹರಾಜು, ಸಂತೆಯ ಜಾಗ, ಬೀದಿದೀಪ, ಕಸದ ಗಾಡಿ ಬರುವ ಹೊತ್ತು, ಎಲ್ಲವೂ. ನಾವು ಹೋಗದಿದ್ದರೆ ಅವು ನಿಲ್ಲುವುದಿಲ್ಲ, ನಮ್ಮನ್ನು ಕೇಳದೆ ಆಗಿಬಿಡುತ್ತವೆ.

ಗಟಾರದ ವಿಷಯವನ್ನೇ ತೆಗೆದುಕೊಳ್ಳಿ. ಜೂನ್‌ನ ಮೊದಲ ಜಡಿಮಳೆಗೆ ನೀರು ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾವ ಚಪ್ಪಡಿಯ ಅಡಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ ಎಂಬುದು ದಿನವೂ ಬಾಗಿಲು ತೆರೆದು ಮೆಟ್ಟಿಲು ಗುಡಿಸುವವರಿಗೆ ಗೊತ್ತು. ಅಂದಾಜುಪಟ್ಟಿ ಮಾಡುವವರು ಬೇಸಿಗೆಯಲ್ಲಿ ಬಂದರೆ ಒಣಗಿದ ಗಟಾರವನ್ನಷ್ಟೇ ನೋಡಿ ಹೋಗುತ್ತಾರೆ. ನೀರು ಒಳನುಗ್ಗಿ ಕೆಳಸಾಲಿನ ನೋಟ್‌ಬುಕ್‌ಗಳು ಉಬ್ಬಿಕೊಂಡ ಮೇಲೆ ಕೂಗಾಡಿದರೆ ಏನು ಬಂತು? ಆ ವರ್ಷದ ಹಣ ಅಷ್ಟರಲ್ಲಿ ಹಂಚಿಕೆಯಾಗಿರುತ್ತದೆ.

ಹೋಗಬೇಕಾದದ್ದು ಬಜೆಟ್ ಪೂರ್ವಭಾವಿ ಸಭೆಗೆ. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಸಾರ್ವಜನಿಕರ ಸಲಹೆ ಕೇಳುವ ಸಭೆ ಅದಕ್ಕೂ ಮೊದಲೇ ಆಗಿಹೋಗುತ್ತದೆ. ಅಲ್ಲಿ ಊರಿನ ಕಷ್ಟವನ್ನೆಲ್ಲ ಹೇಳಲು ಹೋಗಬೇಡಿ. ಒಂದು ಜಾಗ, ಒಂದು ಕೆಲಸ, ಕಳೆದ ಮಳೆಗಾಲದ ಫೋಟೊ, ಸಾಲಿನ ಅಂಗಡಿಯವರ ಸಹಿ ಸಾಕು. ಮನವಿಯ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮುದ್ರೆಯನ್ನೂ ತಾರೀಖನ್ನೂ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಮನವಿ ಬಾಯಿಮಾತಿಗೆ ಸಮ.

"ರಾಜಕೀಯಕ್ಕೆ ಇಳಿದರೆ ಗಿರಾಕಿ ತಪ್ಪುತ್ತಾರೆ" ಎನ್ನುವವರ ಭಯ ಸುಳ್ಳಲ್ಲ. ನಮ್ಮ ಕಟ್ಟೆ ಹತ್ತುವವರಲ್ಲಿ ಎಲ್ಲ ಪಕ್ಷದವರೂ ಇದ್ದಾರೆ; ನಗರಸಭೆಯ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗಳೂ ಇರುತ್ತವೆ. ನಿಲ್ಲಲು ಮನಸ್ಸಿಲ್ಲದಿದ್ದರೆ ಬೇಡ, ಸಭೆಗೆ ಬಂದು ಕೇಳುವುದಕ್ಕೆ ಯಾವ ಚಿಹ್ನೆಯೂ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಮಾತೇ ಬೇರೆ. ಅಲ್ಲಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಪ್ರವಾಸಿಗರನ್ನೇ ನಂಬಿರುವ ಗೋಕರ್ಣದಂಥ ಕಡೆ ಚಹಾ ಅಂಗಡಿಯವರು, ಹೋಂ ಸ್ಟೇ ನಡೆಸುವವರು ಧೈರ್ಯವಾಗಿ ಸ್ಪರ್ಧಿಸಬೇಕು ಎಂದೇ ನನ್ನ ಅಭಿಪ್ರಾಯ. 21 ವರ್ಷ ತುಂಬಿದ್ದು, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಮೊದಲ ಬಾಗಿಲು ತೆರೆದಂತೆ. ತೆರಿಗೆ ಬಾಕಿಯನ್ನು ಮಾತ್ರ ಮೊದಲೇ ಚುಕ್ತಾ ಮಾಡಿಕೊಳ್ಳಿ.

ಸಮಯ ಎಲ್ಲಿದೆ ಎನ್ನುತ್ತೀರಾ? ಒಬ್ಬರೇ ಹೋಗಬೇಡಿ, ಸಾಲಿನವರು ಸರದಿ ಹಾಕಿಕೊಳ್ಳಿ. ಒಗ್ಗಟ್ಟಿನ ವಿಷಯದಲ್ಲಿ ನಮಗೆ ಬೇರೆ ಊರಿನ ಪಾಠ ಬೇಕಿಲ್ಲ. ಅಡಿಕೆ ಬೆಳೆಗಾರರು 1923ರಲ್ಲೇ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ ಶಿರಸಿ ಇದು.

ನನಗೆ ಹೆಚ್ಚು ಸಂಕಟವಾಗುವುದು ಪರವಾನಗಿಯ ಬೋರ್ಡೂ ಇಲ್ಲದವರನ್ನು ನೋಡಿದಾಗ. ಕಾರವಾರದ ಭಾನುವಾರದ ಸಂತೆಯಲ್ಲಿ ನೆಲದ ಮೇಲೆ ಗೋಣಿ ಹಾಸಿ ಹರಿವೆ, ಬಸಳೆ ಕಟ್ಟುಗಳನ್ನು ಹರಡಿ ಕೂತ ಹೆಂಗಸರು, ರಸ್ತೆಯಂಚಿನಲ್ಲಿ ಬುಟ್ಟಿಯಿಟ್ಟು ಮೀನು ಮಾರುವವರು "ಏಳಿ" ಎಂದ ಕೂಡಲೇ ಬುಟ್ಟಿ ಎತ್ತಿಕೊಳ್ಳುತ್ತಾರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳದ್ದೇ. ಆ ಪ್ರತಿನಿಧಿಗಳನ್ನು ಅವರೇ ಚುನಾಯಿಸುತ್ತಾರೆ, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಸಮೀಕ್ಷೆಯಲ್ಲಿ ಹೆಸರು ಸೇರಿ ಬೀದಿ ವ್ಯಾಪಾರದ ಪ್ರಮಾಣಪತ್ರ ಪಡೆದವರನ್ನು ಎಬ್ಬಿಸುವುದಕ್ಕೂ 30 ದಿನಗಳ ನೋಟಿಸ್ ಕೊಡಬೇಕು. ಹಾಗಾಗಿ ಸಮೀಕ್ಷೆಗೆ ಬಂದಾಗ ಹೆಸರು ಬರೆಸುವುದನ್ನು ತಪ್ಪಿಸಬೇಡಿ. ಸಮಿತಿಗೆ ಯಾರು ನಿಲ್ಲಬೇಕೆಂದು ಈಗಲೇ ನಿಮ್ಮಲ್ಲಿ ಮಾತಾಡಿಕೊಳ್ಳಿ. ಅರ್ಜಿ ಬರೆಯಲು ಬಾರದಿದ್ದರೆ ನನ್ನ ಅಂಗಡಿಗೆ ಬನ್ನಿ, ಬರೆದುಕೊಡುತ್ತೇನೆ. ಜೆರಾಕ್ಸಿಗೂ ದುಡ್ಡು ಬೇಡ.